ಕೃತಿಸ್ವಾಮ್ಯವೆಂಬ ಬಂಡವಾಳ: ಇಮೇಜ್ ಕಾಮಿಕ್ಸ್ ಸಂಸ್ಥೆಯ ವ್ಯವಹಾರ ಚರಿತ್ರೆ

ಸಂಸ್ಥೆಯೊಂದರ ಆಸ್ತಿ ಎಂದೊಡನೆ ಭೂಮಿ, ಕಟ್ಟಡ, ಯಂತ್ರೋಪಕರಣ, ದಾಸ್ತಾನುಗಳು ನೆನಪಿಗೆ ಬರುವುದು ಸಹಜ. ಪ್ರಕಾಶನೋದ್ಯಮದಲ್ಲಿ ಮಾತ್ರ ಕಣ್ಣಿಗೆ ಕಾಣದ ಆಸ್ತಿಯಾದ ಕೃತಿಸ್ವಾಮ್ಯವೇ ಪ್ರಧಾನವಾದುದು. ಈ ಆಸ್ತಿಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವುದಿಲ್ಲವೆಂದು ಸ್ಥಾಪನೆಯ ಕಾಲದಲ್ಲೇ ನಿಯಮ ಮಾಡಿಕೊಂಡು, ಮೂರು ದಶಕಗಳಿಗೂ ಮಿಕ್ಕಿ ಬಾಳಿರುವ ಅಮೆರಿಕದ ಇಮೇಜ್ ಕಾಮಿಕ್ಸ್ ಸಂಸ್ಥೆಯ ಚರಿತ್ರೆ ವಾಣಿಜ್ಯ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ.

ಹಿನ್ನೆಲೆ

1938ರಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ತರುಣರು ತಾವು ಸೃಷ್ಟಿಸಿದ ಸೂಪರ್‌ಮ್ಯಾನ್ ಪಾತ್ರದ ಸಮಸ್ತ ಹಕ್ಕುಗಳನ್ನು 130 ಡಾಲರುಗಳಿಗೆ ಪ್ರಕಾಶಕರಿಗೆ ಬಿಟ್ಟುಕೊಟ್ಟರು. ಮುಂದಿನ ಹಲವು ದಶಕಗಳ ಕಾಲ ಈ ಉದ್ಯಮದ ರೂಢಿ ಇದೇ ಆಗಿತ್ತು. ಕಲಾವಿದನಿಗೆ ಪುಟಕ್ಕಿಷ್ಟು ಎಂದು ಸಂಭಾವನೆ; ಪಾತ್ರಗಳ ಒಡೆತನ ಪ್ರಕಾಶಕನದು. 1991ರಲ್ಲಿ ಜಿಮ್ ಲೀ ಚಿತ್ರಿಸಿದ ಎಕ್ಸ್-ಮೆನ್ ಮೊದಲ ಸಂಚಿಕೆಗೆ 80 ಲಕ್ಷಕ್ಕೂ ಹೆಚ್ಚು ಪ್ರತಿಗಳ ಬೇಡಿಕೆ ಬಂದಾಗಲೂ ಒಡೆತನ ಮಾರ್ವೆಲ್ ಸಂಸ್ಥೆಯಲ್ಲೇ ಉಳಿಯಿತು.

ಸ್ಥಾಪನೆ

1992ರಲ್ಲಿ ಟಾಡ್ ಮೆಕ್‌ಫಾರ್ಲೇನ್, ಜಿಮ್ ಲೀ, ರಾಬ್ ಲೀಫೆಲ್ಡ್, ಎರಿಕ್ ಲಾರ್ಸನ್, ಮಾರ್ಕ್ ಸಿಲ್ವೆಸ್ಟ್ರಿ, ಜಿಮ್ ವ್ಯಾಲೆಂಟಿನೊ ಮತ್ತು ವಿಲ್ಸ್ ಪೊರ್ಟಾಸಿಯೊ ಎಂಬ ಜನಪ್ರಿಯ ಕಲಾವಿದರು ಮಾರ್ವೆಲ್ ತೊರೆದು ಇಮೇಜ್ ಸಂಸ್ಥೆಯನ್ನು ಹುಟ್ಟುಹಾಕಿದರು. ಅವರ ಮೂಲ ನಿಯಮಗಳು ಎರಡೇ. ಒಂದು, ಸಂಸ್ಥೆಯು ಯಾವ ಕೃತಿಯ ಒಡೆತನವನ್ನೂ ಹೊಂದತಕ್ಕದ್ದಲ್ಲ. ಎರಡು, ಒಬ್ಬ ಪಾಲುದಾರನ ಕೃತಿಯಲ್ಲಿಯೂ ಹಣಕಾಸಿನಲ್ಲಿಯೂ ಇನ್ನೊಬ್ಬನು ಕೈಹಾಕತಕ್ಕದ್ದಲ್ಲ. ಅದೇ ವರ್ಷ ಹೊರಬಂದ ಮೆಕ್‌ಫಾರ್ಲೇನ್ ಅವರ ಸ್ಪಾನ್ ಮೊದಲ ಸಂಚಿಕೆಯ ಸುಮಾರು 17 ಲಕ್ಷ ಪ್ರತಿಗಳು ಮಾರಾಟವಾದವು.

ಲೆಕ್ಕದ ಕ್ರಮ

ಪ್ರತಿ ಸಂಚಿಕೆಯ ಮಾರಾಟದ ಹಣದಿಂದ ಇಮೇಜ್ ಸಂಸ್ಥೆ ತನ್ನ ಆಡಳಿತ ವೆಚ್ಚಕ್ಕಾಗಿ ನಿಗದಿತ ಮೊತ್ತವನ್ನು ಪಡೆಯುತ್ತದೆ. ಮುದ್ರಣಾದಿ ವೆಚ್ಚಗಳನ್ನು ಕಳೆದು ಉಳಿದುದು ಕರ್ತೃವಿಗೆ ಸಲ್ಲುತ್ತದೆ. ಸಾಮಾನ್ಯವಾಗಿ ಮುಂಗಡವಿಲ್ಲ, ಆದ್ದರಿಂದ ಲಾಭದಂತೆಯೇ ನಷ್ಟದ ಭಾರವೂ ಕರ್ತೃವಿನದೇ. ಕಾಮಿಕ್ಸ್ ಅಂಗಡಿಗಳು ಮುಂಚಿತವಾಗಿ ಬೇಡಿಕೆ ಸಲ್ಲಿಸುತ್ತವೆ, ಮಾರಾಟವಾಗದ ಪ್ರತಿಗಳನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಬೇಡಿಕೆಯನ್ನು ಅನುಸರಿಸಿ ಮುದ್ರಿಸುವುದರಿಂದ ಪ್ರಕಾಶಕನ ದುಡಿಯುವ ಬಂಡವಾಳ ದಾಸ್ತಾನಿನಲ್ಲಿ ಹೂತುಹೋಗುವುದಿಲ್ಲ.

ಸಂಕಷ್ಟಗಳು

ಈ ಕ್ರಮದ ದೌರ್ಬಲ್ಯವೂ ಬೇಗನೆ ಬಯಲಾಯಿತು. ಒಬ್ಬರ ಕೆಲಸದಲ್ಲಿ ಮತ್ತೊಬ್ಬರು ಕೈಹಾಕುವಂತಿಲ್ಲವಾದಾಗ ಗಡುವು ಪಾಲಿಸುವಂತೆ ಒತ್ತಾಯಿಸುವವರಾರು? ವ್ಯಾಲಿಯಂಟ್ ಸಂಸ್ಥೆಯೊಡನೆ 1993ರಲ್ಲಿ ಜಂಟಿಯಾಗಿ ಆರಂಭಿಸಿದ ಡೆತ್‌ಮೇಟ್ ಮಾಲಿಕೆಯಲ್ಲಿ ಇಮೇಜ್ ಪಾಲಿನ ಸಂಚಿಕೆಗಳು ವಿಳಂಬವಾಗಿ ಬಂದವು. ಬಂದಾಗ ಓದುಗರ ಉತ್ಸಾಹ ಇಳಿದಿತ್ತು. ಹಣ ಹೂಡಿದ್ದ ಅಂಗಡಿಕಾರರು ಪೆಟ್ಟು ತಿಂದರು. 1996ರಲ್ಲಿ ಲೀಫೆಲ್ಡ್ ಸಂಸ್ಥೆಯಿಂದ ಹೊರನಡೆದರು. ಜಿಮ್ ಲೀ ತಮ್ಮ ವೈಲ್ಡ್‌ಸ್ಟಾರ್ಮ್ ಘಟಕವನ್ನು ಡಿಸಿ ಸಂಸ್ಥೆಗೆ ಮಾರಿದರು. ಒಡೆತನ ಅವರದೇ ಆಗಿದ್ದುದರಿಂದ ಇಮೇಜ್ ಸಂಸ್ಥೆ ಅದನ್ನು ತಡೆಯುವಂತಿರಲಿಲ್ಲ.

ಇನ್ನೊಂದು ಪಾಠ ನ್ಯಾಯಾಲಯದಿಂದ ಬಂದಿತು. 1993ರಲ್ಲಿ ಲೇಖಕ ನೀಲ್ ಗೇಮನ್ ಸ್ಪಾನ್ ಮಾಲಿಕೆಗೆ ಒಂದು ಸಂಚಿಕೆ ಬರೆದು ಹೊಸ ಪಾತ್ರಗಳನ್ನು ತಂದರು. ಆಗ ಲಿಖಿತ ಕರಾರು ಇರಲಿಲ್ಲ. 2004ರಲ್ಲಿ ಮೇಲ್ಮನವಿ ನ್ಯಾಯಾಲಯವು ಗೇಮನ್ ಅವರ ಸಹ-ಒಡೆತನವನ್ನು ಎತ್ತಿಹಿಡಿಯಿತು. ವ್ಯಾಜ್ಯ ಅಂತಿಮವಾಗಿ ಇತ್ಯರ್ಥವಾದುದು 2012ರಲ್ಲಿ. ಕಲಾವಿದರ ಹಕ್ಕಿಗಾಗಿ ಹುಟ್ಟಿದ ಸಂಸ್ಥೆಯ ಸ್ಥಾಪಕರೊಬ್ಬರೇ ಇನ್ನೊಬ್ಬ ಕರ್ತೃವಿನ ಹಕ್ಕಿನ ವಿಷಯದಲ್ಲಿ ಪ್ರತಿವಾದಿಯಾದುದು ವಿಪರ್ಯಾಸ.

ಪುನಶ್ಚೇತನ

2003ರಲ್ಲಿ ಆರಂಭವಾದ ರಾಬರ್ಟ್ ಕಿರ್ಕ್‌ಮನ್ ಅವರ ವಾಕಿಂಗ್ ಡೆಡ್ ಮಾಲಿಕೆಯು 2010ರಲ್ಲಿ ದೂರದರ್ಶನ ಧಾರಾವಾಹಿಯಾಗಿ ಅಪಾರ ಯಶಸ್ಸು ಗಳಿಸಿತು. 2008ರಲ್ಲಿ ಕಿರ್ಕ್‌ಮನ್ ಸಂಸ್ಥೆಯ ಪಾಲುದಾರರಾದರು. ಸ್ಥಾಪಕರಲ್ಲದವರಿಗೆ ಈ ಸ್ಥಾನ ದೊರೆತುದು ಅದೇ ಮೊದಲು. 2012ರಲ್ಲಿ ಆರಂಭವಾದ ಸಾಗಾ ಮಾಲಿಕೆಯೂ ಜನಪ್ರಿಯವಾಯಿತು. ಕೃತಿಯ ಒಡೆತನವಿಲ್ಲದಿದ್ದರೂ, ಒಡೆತನ ಬಯಸುವ ಪ್ರತಿಭಾವಂತರು ತಾವಾಗಿಯೇ ಬಾಗಿಲು ತಟ್ಟುವುದು ಸಂಸ್ಥೆಯ ನಿಜವಾದ ಗುಡ್‌ವಿಲ್.

ನಮ್ಮ ಕಾನೂನು

ಆನಿಮೇಷನ್, ವಿನ್ಯಾಸ, ಜಾಹೀರಾತು ಕ್ಷೇತ್ರಗಳ ನಮ್ಮ ಉದ್ಯಮಿಗಳು ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವನ್ನು ಗಮನಿಸುವುದು ಅವಶ್ಯ. 17ನೇ ಕಲಮಿನಂತೆ ಕರ್ತೃವೇ ಮೊದಲ ಒಡೆಯ. ವಿರುದ್ಧ ಕರಾರು ಇಲ್ಲದಿದ್ದಲ್ಲಿ, ನೌಕರಿಯ ಅಂಗವಾಗಿ ರಚಿಸಿದ ಕೃತಿ ಮಾಲೀಕನದಾಗುತ್ತದೆ. ಪ್ರತಿಫಲ ನೀಡಿ ಬರೆಯಿಸಿದ ವರ್ಣಚಿತ್ರ, ತೆಗೆಯಿಸಿದ ಛಾಯಾಚಿತ್ರ ಮುಂತಾದವು ಹಣ ತೆತ್ತವನಿಗೆ ಸೇರುತ್ತವೆ. ಆದರೆ ಹೊರಗಿನ ಲೇಖಕನಿಂದ ಬರೆಯಿಸಿದ ಕಥೆ ಹಣ ಪಾವತಿಸಿದ ಮಾತ್ರಕ್ಕೆ ನಮ್ಮದಾಗದು. 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಸಹಿಯನ್ನು ಹೊಂದಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೇ ಅರ್ಥ.

ಪಾವತಿಯ ರಸೀದಿ ವೆಚ್ಚಕ್ಕೆ ಪುರಾವೆಯೇ ಹೊರತು ಒಡೆತನಕ್ಕಲ್ಲ. ಆದುದರಿಂದ ಸದಸ್ಯರು ಕೆಲಸ ಒಪ್ಪಿಸುವ ಮುನ್ನವೇ ಹಕ್ಕು ಯಾರದು, ಎಷ್ಟು ಕಾಲ, ಎಲ್ಲೆಲ್ಲಿ ಎಂಬುದನ್ನು ಲಿಖಿತರೂಪದಲ್ಲಿ ನಿಶ್ಚಯಿಸಿಕೊಳ್ಳುವುದು ಉಚಿತ.