ಒದ್ದೆ ಬಟ್ಟೆ ಯಾರ ಕೈಗೆ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಾಗ ನನ್ನ ಎರಡು ಸೂಟ್‌ಕೇಸುಗಳಲ್ಲಿ ಒಂದರ ಅರ್ಧದಷ್ಟು ಹಳೇ ಬಟ್ಟೆಯೇ ತುಂಬಿತ್ತು. ನಮ್ಮವರ ಪಂಚೆಗಳು, ನಮ್ಮತ್ತೆಯ ಹತ್ತಿ ಸೀರೆಗಳು, ವರ್ಷಗಟ್ಟಲೆ ಒಗೆಸಿಕೊಂಡು ಮೆತ್ತಗಾದವು. ಚೌಕವಾಗಿ ಕತ್ತರಿಸಿ, ಅಂಚು ಮಡಿಸಿ ಹೊಲಿದು, ಬಿಸಿನೀರಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಅಣಿಮಾಡಿದ್ದೆ. ಎಳೆಗೂಸಿನ ಮೈಗೆ ಹೊಸ ಬಟ್ಟೆ ಒರಟು ಎನ್ನುವುದು ನನ್ನಮ್ಮ ಹೇಳಿಕೊಟ್ಟ ಮಾತು.

ನ್ಯೂಜೆರ್ಸಿಯ ಆ ಮನೆಯಲ್ಲಿ ಮೊದಲ ದಿನವೇ ಬಾಲ್ಕನಿಗೆ ಹಗ್ಗ ಕಟ್ಟಲು ಹೋದೆ. ಮಗಳು ಒಳಗಿಂದಲೇ ಕೂಗಿದಳು, "ಅಮ್ಮಾ, ಅಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲ, ನೋಟಿಸ್ ಕೊಡ್ತಾರೆ." ಅಂಥ ಕಟ್ಟಳೆ ಅಲ್ಲಿನ ಎಷ್ಟೋ ವಸತಿ ಸಂಘಗಳಲ್ಲಿದೆಯಂತೆ. ಹಗ್ಗದ ಮೇಲೆ ಬಟ್ಟೆ ಹರವುವ ಹಕ್ಕನ್ನು ಕಾಪಾಡಲೆಂದೇ ಫ್ಲಾರಿಡಾದಂಥ ಕೆಲವು ರಾಜ್ಯಗಳು ಕಾನೂನು ಮಾಡಬೇಕಾಯಿತು ಎಂದು ಆಮೇಲೆ ಓದಿ ತಿಳಿದೆ. ಬಟ್ಟೆ ಒಗೆಯುವ ಯಂತ್ರ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರಿಗೂ ಸೇರಿ. ಹುಟ್ಟಿದ ಮಗುವಿಗೆ ದಿನಕ್ಕೆ 10ರಿಂದ 12 ಸಲ ಬಟ್ಟೆ ಬದಲಿಸಬೇಕು. ಅಷ್ಟು ಸಲ ಮೆಟ್ಟಿಲು ಹತ್ತಿಳಿಯುವವರು ಯಾರು?

ಮಗಳೂ ಅಳಿಯನೂ ಆಗಲೇ ಎರಡು ದಾರಿ ಹುಡುಕಿಟ್ಟಿದ್ದರು. ಒಂದು, ವಾರಕ್ಕೊಮ್ಮೆ ವ್ಯಾನಿನಲ್ಲಿ ಬಂದು ಕೊಳೆ ಬಟ್ಟೆ ಒಯ್ದು ಒಗೆದ ಬಟ್ಟೆ ಕೊಟ್ಟುಹೋಗುವ ಡೈಪರ್ ಸರ್ವಿಸ್. ಇನ್ನೊಂದು, ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ತಂದು ಬಳಸಿ ಬಿಸಾಡುವ ಡೈಪರ್. ನನ್ನ ಚೌಕಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ. ಬೇಸರವಾಯಿತು, ನಿಜ. ಆದರೆ ಮಗು ಮಲಗಿದ ಹೊತ್ತಿನಲ್ಲಿ ಈ ಎರಡು ದಾರಿಗಳೂ ಎಲ್ಲಿಂದ ಬಂದವೆಂದು ಓದುತ್ತಾ ಹೋದಂತೆ ಬೇಸರದ ಜಾಗಕ್ಕೆ ಒಂದು ಪ್ರಶ್ನೆ ಬಂದು ಕೂತಿತು: ಒದ್ದೆಯಾದ ಬಟ್ಟೆ ಕೊನೆಗೆ ಯಾರ ಕೈಗೆ ಹೋಗುತ್ತದೆ?

ಡೈಪರ್ ಎಂಬುದು ಮೂಲದಲ್ಲಿ ಒಂದು ನೇಯ್ಗೆಯ ಹೆಸರು. ಮೈತುಂಬ ಸಣ್ಣ ಸಣ್ಣ ವಜ್ರಾಕೃತಿ ಮೂಡುವಂತೆ ನೇಯ್ದ ಬಟ್ಟೆಗೆ ಯುರೋಪಿನಲ್ಲಿ ಹಾಗೆನ್ನುತ್ತಿದ್ದರು. ಅದರ ತುಂಡುಗಳನ್ನೇ ಮಗುವಿಗೆ ಸುತ್ತುತ್ತಾ ಸುತ್ತುತ್ತಾ ನೇಯ್ಗೆಯ ಹೆಸರು ಅಮೆರಿಕದಲ್ಲಿ ಕೂಸಿನ ಲಂಗೋಟಿಗೆ ಅಂಟಿಕೊಂಡಿತು. ಅದನ್ನು ಬಿಗಿಯುವ ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕಿನ ವಾಲ್ಟರ್ ಹಂಟ್. ಆ ಹಕ್ಕನ್ನು ಅವನು 400 ಡಾಲರಿಗೆ ಮಾರಿಬಿಟ್ಟ. ಅಲ್ಲಿಂದ ನೂರು ವರ್ಷ ತಾಯಂದಿರ ಬಾಯಲ್ಲಿ ಪಿನ್ನು, ಒಲೆಯ ಮೇಲೆ ಕುದಿಯುವ ಬಟ್ಟೆಯ ಪಾತ್ರೆ.

1930ರ ದಶಕದಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ಡೈಪರ್ ಸರ್ವಿಸ್‌ಗಳು ತಲೆಯೆತ್ತಿದವು. ಮನೆಗೆ ಮುಚ್ಚಳದ ಡಬ್ಬ ಕೊಡುವುದು, ತುಂಬಿದಾಗ ಒಯ್ಯುವುದು, ಲಾಂಡ್ರಿಯಲ್ಲಿ ಕುದಿನೀರಿನಲ್ಲಿ ಒಗೆದು ಮಡಿಸಿ ತಂದುಕೊಡುವುದು. ಎರಡನೇ ಮಹಾಯುದ್ಧದಲ್ಲಿ ಹೆಂಗಸರು ಕಾರ್ಖಾನೆಗೆ ದುಡಿಯಲು ಹೋದಾಗ, ಯುದ್ಧ ಮುಗಿದು ಮನೆಮನೆಯಲ್ಲೂ ತೊಟ್ಟಿಲು ತೂಗಿದಾಗ ಈ ವ್ಯಾನುಗಳಿಗೆ ಬಿಡುವಿರಲಿಲ್ಲ.

ಇದನ್ನು ಓದುವಾಗ ನನಗೆ ತುಮಕೂರು ಕಡೆಯ ನಮ್ಮಜ್ಜಿಯ ಮನೆಯ ಹಿತ್ತಿಲ ಬಾಗಿಲು ನೆನಪಾಯಿತು. ಮನೆಯಲ್ಲಿ ಹೆರಿಗೆಯಾದರೆ ಪುರುಡು ಕಳೆಯುವವರೆಗೆ ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ ಮನೆಯವರು ಮುಟ್ಟುತ್ತಿರಲಿಲ್ಲ. ಮಡಿವಾಳರ ಹೆಂಗಸು ಹಿತ್ತಿಲಿಗೆ ಬಂದು ಗಂಟು ಕಟ್ಟಿಕೊಂಡು ಹೋಗಬೇಕು. ಸವಳುಮಣ್ಣು ಹಾಕಿ, ಉಬ್ಬೆಯಲ್ಲಿ ಬೇಯಿಸಿ, ಕೆರೆಯ ಕಲ್ಲಿನ ಮೇಲೆ ಒಗೆದು ತರಬೇಕು. ಕೂಲಿ ಎಂದರೆ ಸುಗ್ಗಿಯಲ್ಲಿ ಅಳೆದುಕೊಡುವ ರಾಗಿಯ ಆಯ. ಅಮೆರಿಕದವರು ಸರ್ವಿಸ್ ಎಂದು ಹೆಸರಿಟ್ಟು ದರ ಕಟ್ಟಿದ ಕೆಲಸವನ್ನು ನಮ್ಮ ಊರುಗಳು ಒಂದು ಜಾತಿಯ ಹೆಣ್ಣುಮಕ್ಕಳ ಮೇಲೆ ಹೊರಿಸಿದ್ದವು. ಒಲ್ಲೆ ಎನ್ನುವ ಅವಕಾಶ ಅವರಿಗಿರಲಿಲ್ಲ. ನಾನು ಆ ಒಗೆದ ಬಟ್ಟೆಯಲ್ಲೇ ಬೆಳೆದ ಕೂಸು. ಒಗೆದವರ ಹೆಸರು ನನಗೆ ಗೊತ್ತಿಲ್ಲ ಎನ್ನುವುದು ಈಗ ಚುಚ್ಚುತ್ತದೆ.

ಅತ್ತ, ಸರ್ವಿಸ್ ಇದ್ದರೂ ತೀರದ ಒಂದು ಕಷ್ಟವಿತ್ತು. ಬಟ್ಟೆ ಒದ್ದೆಯಾದರೆ ಮಗುವಿನ ಅಂಗಿ, ಹಾಸಿಗೆ, ಎತ್ತಿಕೊಂಡವರ ಮಡಿಲು ಎಲ್ಲವೂ ಒದ್ದೆ. ರಬ್ಬರಿನ ಚಡ್ಡಿ ಹಾಕಿದರೆ ಮೈ ಬೆಂದು ಕೆಂಪು ಗುಳ್ಳೆ. 1946ರಲ್ಲಿ ಕನೆಕ್ಟಿಕಟ್‌ನ ಮೇರಿಯನ್ ಡೊನೊವನ್ ಎಂಬ ತಾಯಿ ಬಚ್ಚಲುಮನೆಯ ಶವರ್ ಪರದೆಯನ್ನು ಕತ್ತರಿಸಿ, ಹೊಲಿಗೆ ಯಂತ್ರದ ಮುಂದೆ ಕೂತು ಡೈಪರಿಗೊಂದು ಹೊರಕವಚ ಹೊಲಿದಳು. ಇಂಡಿಯಾನಾದಲ್ಲಿ ತಂದೆ ಮತ್ತು ಅವನ ಸೋದರನ ಲೇಥ್ ಕಾರ್ಖಾನೆಯಲ್ಲಿ ಆಡಿ ಬೆಳೆದವಳು ಅವಳು. ಒಂದಾದ ಮೇಲೊಂದು ಮಾದರಿ ಮಾಡಿ, ಕೊನೆಗೆ ಪ್ಯಾರಾಚೂಟಿನ ನೈಲಾನ್ ಬಟ್ಟೆಗೆ ಬಂದಳು. ಪಿನ್ನಿನ ಬದಲು ಟಿಚ್ ಬಟನ್ ಇಟ್ಟಳು. ದೋಣಿಯಂತೆ ಕಂಡಿದ್ದಕ್ಕೆ 'ಬೋಟರ್' ಎಂದು ಹೆಸರಿಟ್ಟಳು. ತಯಾರಕರು ಯಾರೂ ಕಿವಿಗೊಡದಿದ್ದಾಗ ತಾನೇ ಮಾಡಿಸಿ 1949ರಲ್ಲಿ ನ್ಯೂಯಾರ್ಕಿನ ಸ್ಯಾಕ್ಸ್ ಫಿಫ್ತ್ ಅವೆನ್ಯೂ ಮಳಿಗೆಯಲ್ಲಿ ಮಾರಾಟಕ್ಕಿಟ್ಟಳು. 1951ರಲ್ಲಿ ಪೇಟೆಂಟ್ ಬಂತು. ಹಕ್ಕು 10 ಲಕ್ಷ ಡಾಲರಿಗೆ ಮಾರಾಟವಾಯಿತು.

ಸಾಗರದ ಆಚೆ ದಡದಲ್ಲೂ ಅದೇ ಪ್ಯಾರಾಚೂಟ್. 1947ರ ಬ್ರಿಟನ್ನಿನಲ್ಲಿ ಸೇನಾಧಿಕಾರಿಯ ಹೆಂಡತಿ ವ್ಯಾಲರಿ ಹಂಟರ್ ಗಾರ್ಡನ್ ಮೂರನೆಯ ಮಗುವಿನ ಹೊತ್ತಿಗೆ ಬಟ್ಟೆ ಒಗೆದು ಸಾಕಾಗಿ, ಯುದ್ಧದಲ್ಲಿ ಉಳಿದ ಪ್ಯಾರಾಚೂಟ್ ನೈಲಾನಿನಿಂದ ಕವಚ ಹೊಲಿದಳು. ಒಳಗೆ ಹತ್ತಿ, ಟಿಶ್ಯೂ ಕಾಗದದ ಮೆತ್ತೆ. ಒದ್ದೆಯಾದರೆ ಮೆತ್ತೆ ಬಿಸಾಡುವುದು, ಕವಚ ಒರೆಸಿ ಮತ್ತೆ ಹಾಕುವುದು. ಸೇನಾ ವಸತಿಯ ಇತರ ತಾಯಂದಿರು ತಮಗೂ ಬೇಕೆಂದು ಕೇಳಿದರು. ಅಡುಗೆಮನೆಯ ಮೇಜಿನ ಮೇಲೆ ಅವಳು 400ಕ್ಕೂ ಹೆಚ್ಚು ಹೊಲಿದಳಂತೆ. 'ಪ್ಯಾಡಿ' ಎಂಬ ಹೆಸರಿನಲ್ಲಿ ಅದು ಮುಂದೆ ಅಂಗಡಿಗಳಿಗೆ ಬಂತು. ಇವಳ ಮೆತ್ತೆ ಬಿಸಾಡುವಂಥದ್ದು. ಡೊನೊವನ್ ಕೂಡ ಪೂರ್ತಿ ಬಿಸಾಡುವ ಕಾಗದದ ಡೈಪರಿನ ಕಲ್ಪನೆ ಹಿಡಿದು ಕಂಪನಿಗಳ ಬಾಗಿಲು ತಟ್ಟಿದಳು. ಗಂಡಸರೇ ಕೂತಿದ್ದ ಆ ಕಚೇರಿಗಳಿಗೆ ಅದು ಬೇಕಾಗಿ ಕಾಣಲಿಲ್ಲ.

ಬೇಕೆನಿಸಿದ್ದು ಒಬ್ಬ ತಾತನಿಗೆ ಮೊಮ್ಮಗುವಿನ ಬಟ್ಟೆ ಬದಲಿಸುವ ಪಾಳಿ ಬಂದಾಗ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ಎಂಜಿನಿಯರ್ ವಿಕ್ಟರ್ ಮಿಲ್ಸ್‌ಗೆ ಆ ಕೆಲಸ ಸ್ವಲ್ಪವೂ ಹಿಡಿಸಲಿಲ್ಲ. ಕಂಪನಿ 1957ರಲ್ಲಿ ಚಾರ್ಮಿನ್ ಕಾಗದದ ಗಿರಣಿ ಕೊಂಡಿತ್ತು. ಕಾಗದದಿಂದ ಇನ್ನೇನು ಮಾಡಬಹುದೆಂಬ ಯೋಚನೆಯೂ ನಡೆದಿತ್ತು. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಮಾಡಿದ ಮೊದಲ ಪ್ರಯೋಗ ಸೋತಿತು. ಅಲ್ಲಿನ ಬಿಸಿಲಿಗೆ ಪ್ಲಾಸ್ಟಿಕ್ ಚಡ್ಡಿಯೊಳಗೆ ಮಕ್ಕಳು ಬೆಂದುಹೋದವು. ತಿದ್ದಿದ ಮಾದರಿ 1961ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯ ಪಟ್ಟಣದ ಅಂಗಡಿಗಳಿಗೆ ಬಂತು, ಪ್ಯಾಂಪರ್ಸ್ ಎಂಬ ಹೆಸರಿನಲ್ಲಿ. ಒಂದಕ್ಕೆ 10 ಸೆಂಟ್. ತಾಯಂದಿರಿಗೆ ಇಷ್ಟವಾಯಿತು, ದರ ಆಗಲಿಲ್ಲ. ಸರ್ವಿಸ್‌ನವರು ಅದಕ್ಕಿಂತ ಅಗ್ಗ. ಯಂತ್ರಗಳ ವೇಗ ಹೆಚ್ಚಿಸಿ 6 ಸೆಂಟಿಗೆ ಇಳಿಸಿದ ಮೇಲೆಯೇ ವ್ಯಾಪಾರ ಕುದುರಿದ್ದು.

ಪಿಯೋರಿಯಕ್ಕೆ ಇನ್ನೊಂದು ಪಾತ್ರವೂ ಇದೆ. ಯುದ್ಧಕಾಲದಲ್ಲಿ ಪೆನಿಸಿಲಿನ್ನನ್ನು ಹೇರಳವಾಗಿ ತಯಾರಿಸುವ ದಾರಿ ಕಂಡುಕೊಂಡ ಅಮೆರಿಕ ಸರ್ಕಾರದ ಕೃಷಿ ಪ್ರಯೋಗಾಲಯ ಅಲ್ಲಿಯದೇ. ಅಲ್ಲಿಯ ವಿಜ್ಞಾನಿಗಳು ಆಮೇಲೆ ಮೆಕ್ಕೆಜೋಳದ ಪಿಷ್ಟದಿಂದ, ತನ್ನ ತೂಕದ ನೂರಾರು ಪಟ್ಟು ನೀರು ಹೀರುವ ಪುಡಿ ಮಾಡಿದರು. ಅವರ ಮನಸ್ಸಿನಲ್ಲಿದ್ದದ್ದು ಹೊಲ, ಬೀಜ, ಒಣಗುವ ಮಣ್ಣು. ಅದೇ ಗುಣದ ಕೃತಕ ಹರಳುಗಳು 1980ರ ದಶಕದಲ್ಲಿ ಮೊದಲು ಜಪಾನಿನ, ಆಮೇಲೆ ಅಮೆರಿಕದ ಡೈಪರುಗಳೊಳಗೆ ಸೇರಿದವು. ಡೈಪರ್ ತೆಳ್ಳಗಾಯಿತು. ನೀರು ಅಂಟಾಗಿ ಒಳಗೇ ಕೂತಿತು. ಮಗುವಿಗೆ ಒದ್ದೆಯಾದದ್ದೇ ಗೊತ್ತಾಗದಂತಾಯಿತು.

ಈ ಕೊನೆಯದರ ಬಗ್ಗೆ ನನಗೆ ತಕರಾರಿದೆ. ನಮ್ಮಲ್ಲಿ ಕೂಸಿಗೆ ಕತ್ತು ನಿಲ್ಲುವ ಹೊತ್ತಿಗೆ ಅಜ್ಜಿಯರು ಕಾಲು ಚಾಚಿ ಕೂತು, ಎರಡು ಪಾದಗಳ ನಡುವೆ ಕೂರಿಸಿಕೊಂಡು 'ಸ್ಸ್‌ಸ್ಸ್' ಎನ್ನುತ್ತಾರೆ. ಕೂಸು ಆ ಸದ್ದಿಗೆ ಹೊಂದಿಕೊಳ್ಳುತ್ತದೆ. ಅಮೆರಿಕದ ಹೆಸರಾಂತ ಮಕ್ಕಳ ವೈದ್ಯ ಬ್ರೆಜಲ್ಟನ್ 1962ರಲ್ಲಿ, ಮಗು ತಾನಾಗಿ ಸಿದ್ಧವಾಗುವವರೆಗೆ ಒತ್ತಾಯ ಬೇಡ ಎಂದು ಬರೆದರು. ಹೆದರಿಸಿ ಬಡಿದು ಕಲಿಸುವುದನ್ನು ತಪ್ಪಿಸಿದ ಒಳ್ಳೆಯ ಮಾತು ಅದು. ಆದರೆ ಅದೇ ವೈದ್ಯರು 1990ರ ದಶಕದಲ್ಲಿ, ಇನ್ನೂ ದೊಡ್ಡ ಮಕ್ಕಳಿಗೆಂದು ಬಂದ ಡೈಪರಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಹಾಗೆ ಕಾಣಿಸಿಕೊಳ್ಳಬಾರದಿತ್ತು ಎಂದೇ ನನ್ನ ಅನಿಸಿಕೆ.

ಬಿಸಾಡುವ ಡೈಪರ್ ಗೆದ್ದಂತೆ ಸರ್ವಿಸ್ ವ್ಯಾನುಗಳು ಒಂದೊಂದೇ ನಿಂತವು. 1987ರಲ್ಲಿ ಮೋಬ್ರೊ 4000 ಎಂಬ ದೋಣಿ ನ್ಯೂಯಾರ್ಕ್ ಕಡೆಯ 3,000 ಟನ್‌ಗೂ ಹೆಚ್ಚು ಕಸ ಹೇರಿಕೊಂಡು, ಇಳಿಸಲು ಜಾಗ ಸಿಗದೆ ತಿಂಗಳುಗಟ್ಟಲೆ ತೀರದಿಂದ ತೀರಕ್ಕೆ ಅಲೆಯಿತು. ಆ ಚಿತ್ರ ಟೀವಿಯಲ್ಲಿ ಕಂಡ ದೇಶಕ್ಕೆ ತನ್ನ ಕಸದ ಬುಟ್ಟಿಯ ಮೇಲೆ ಕಣ್ಣುಹೋಯಿತು. ಬಟ್ಟೆ ಡೈಪರ್ ಮತ್ತೆ ಬೇಕಾಯಿತು. ಹಿಂದೆಯೇ ಅಧ್ಯಯನಗಳ ಜಗಳ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ಗಾಗಿ 1990ರಲ್ಲಿ ಆರ್ಥರ್ ಡಿ. ಲಿಟಲ್ ಸಂಸ್ಥೆ ಮಾಡಿದ ಅಧ್ಯಯನ, ಒಗೆಯುವ ನೀರು, ವಿದ್ಯುತ್ತು ಲೆಕ್ಕ ಹಾಕಿದರೆ ಬಟ್ಟೆಯೇನೂ ಮೇಲಲ್ಲ ಎಂದಿತು. ಸರ್ವಿಸ್‌ಗಳ ಸಂಘ ಮಾಡಿಸಿದ ಅಧ್ಯಯನ ಇದಕ್ಕೆ ತಿರುಗಿ ಹೇಳಿತು. ದುಡ್ಡು ಕೊಟ್ಟವರ ಕಡೆಗೇ ತಕ್ಕಡಿ ವಾಲಿದ್ದನ್ನು ಓದುಗರು ಗಮನಿಸಲಿ.

ನನಗೆ ನಂಬಿಕೆ ಹುಟ್ಟಿಸಿದ್ದು ಬ್ರಿಟನ್ನಿನ ಪರಿಸರ ಸಂಸ್ಥೆಯ 2008ರ ವರದಿ. ಎರಡೂವರೆ ವರ್ಷಕ್ಕೆ ಒಂದು ಮಗುವಿನಿಂದ ಬಿಸಾಡುವ ಡೈಪರಿನಲ್ಲಿ ಸುಮಾರು 550 ಕಿಲೋ ಇಂಗಾಲದ ಹೊರೆ, ಬಟ್ಟೆಯಲ್ಲಿ ಸುಮಾರು 570 ಕಿಲೋ. ಇಲ್ಲಿಗೇ ನಿಲ್ಲಿಸಿದವರು ಬಟ್ಟೆ ಸೋತಿತು ಎನ್ನುತ್ತಾರೆ. ಮುಂದಿನ ಪುಟ ಓದಬೇಕು. ಯಂತ್ರ ತುಂಬಿದ ಮೇಲೆ ಒಗೆದು, ಗಾಳಿಗೆ ಒಣಗಿಸಿ, ಎರಡನೇ ಮಗುವಿಗೂ ಅದೇ ಬಟ್ಟೆ ಬಳಸಿದರೆ ಈ ಹೊರೆ 200 ಕಿಲೋದಷ್ಟು ಇಳಿಯುತ್ತದೆ. ಬಿಸಿಗಾಳಿ ಡ್ರೈಯರಿನಲ್ಲಿ ಒಣಗಿಸಿದರೆ ಏರುತ್ತದೆ. ಹಗ್ಗ ಕಟ್ಟಬಾರದೆಂಬ ಆ ನೋಟಿಸಿನ ಬೆಲೆ ನನಗೆ ತಿಳಿದದ್ದು ಆಗ.

ಮಗಳು ಸರ್ವಿಸನ್ನೇ ಆರಿಸಿದಳು. ರಾತ್ರಿಗೆ ಮಾತ್ರ ಬಿಸಾಡುವ ಡೈಪರ್. ಹೊಲಿಗೆಯ ನೋವಿನಲ್ಲಿ ರಾತ್ರಿ ನಾಲ್ಕು ಸಲ ಏಳುವವಳಿಗೆ ಅದು ತಪ್ಪೆಂದು ಹೇಳುವ ಬಾಯಿ ನನಗಿಲ್ಲ. ಗುರುವಾರ ಗುರುವಾರ ವ್ಯಾನ್ ಬರುತ್ತಿತ್ತು. ಬಾಗಿಲಾಚೆ ಚೀಲ ಇಟ್ಟರೆ ಅಷ್ಟೇ ತೂಕದ ಬಿಳಿ ಕಟ್ಟು ಬಂದು ಕೂತಿರುತ್ತಿತ್ತು. ಒಗೆದವರು ಯಾರೆಂದು ಇಲ್ಲಿಯೂ ಕಾಣಲಿಲ್ಲ. ನನ್ನ ಪಂಚೆಯ ಚೌಕಗಳು ಹಾಲು ಕಕ್ಕಿದರೆ ಒರೆಸುವುದಕ್ಕೆ, ಎಣ್ಣೆನೀರಿನ ನಂತರ ಮೈ ಸುತ್ತುವುದಕ್ಕೆ ಆದವು.

ಮೂರು ತಿಂಗಳಿಗೆ ಸರ್ವಿಸ್ ನಿಂತಿತು. ಅಮೆರಿಕದ 1993ರ ರಜೆಯ ಕಾನೂನು ತಾಯಿಗೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಅವಳು ಕೆಲಸಕ್ಕೆ ಹೊರಟಳು, ಮಗು ಡೇಕೇರಿಗೆ. ಅಲ್ಲಿ ಬಿಸಾಡುವ ಡೈಪರನ್ನೇ ತರಬೇಕು ಎಂದರು. ಎಷ್ಟೋ ಡೇಕೇರ್‌ಗಳ ಕ್ರಮ ಅದೇ ಅಂತೆ. ಬಟ್ಟೆಯೋ ಕಾಗದವೋ ಎಂದು ನಾವು ಮನೆಯಲ್ಲಿ ಕೂತು ಚರ್ಚಿಸಿದ್ದನ್ನು ಕೊನೆಗೆ ತೀರ್ಮಾನಿಸಿದ್ದು ರಜೆಯ ಕಾನೂನು. ಇನ್ನು ಬಡ ತಾಯಂದಿರಿಗೆ ಆ ಚರ್ಚೆಯೂ ಇಲ್ಲ. ಸರ್ಕಾರದ ಆಹಾರ ನೆರವಿನ ಹಣದಲ್ಲಿ ಡೈಪರ್ ಕೊಳ್ಳುವಂತಿಲ್ಲ. ಡೈಪರ್ ತರದಿದ್ದರೆ ಡೇಕೇರ್ ಇಲ್ಲ, ಡೇಕೇರ್ ಇಲ್ಲದಿದ್ದರೆ ಕೂಲಿ ಇಲ್ಲ. ನ್ಯೂ ಹೇವನ್ ನಗರದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 30ರಷ್ಟು ತಾಯಂದಿರು ಸಾಕಾಗುವಷ್ಟು ಡೈಪರ್ ಕೊಳ್ಳಲಾಗುತ್ತಿಲ್ಲ ಎಂದಿದ್ದರು. ಅಕ್ಕಿ ಬೇಳೆ ಹಂಚುವಂತೆ ಡೈಪರ್ ಹಂಚುವ ಬ್ಯಾಂಕುಗಳು ಆ ಶ್ರೀಮಂತ ದೇಶದಲ್ಲಿವೆ.

ಬೆಂಗಳೂರಿಗೆ ಮರಳಿದ ಮೇಲೆ ಕೆಳಗಿನ ಮನೆಯಲ್ಲೂ ತೊಟ್ಟಿಲು ಕಟ್ಟಿದರು. ಇಲ್ಲಿ ಬಿಸಿಲಿದೆ, ಟೆರೇಸಿನಲ್ಲಿ ಹಗ್ಗವಿದೆ, ಆದರೂ ಬಕೆಟ್ಟಿನಲ್ಲಿ ಡೈಪರ್. ಆ ಹುಡುಗಿ ಬ್ಯಾಂಕಿನ ಕೆಲಸದವಳು. ಅವಳ ದಿನವೂ ನನ್ನ ಮಗಳ ದಿನದಂತೆಯೇ. ಬಳಸಿದ ಡೈಪರ್ ಸುತ್ತಲು ತಯಾರಕರೇ ಚೀಲ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಅವಳು ತರುವ ಪೊಟ್ಟಣಗಳಲ್ಲಿ ಅಂಥ ಚೀಲ ನಾನು ಕಂಡಿಲ್ಲ. ಹಾಗಾಗಿ ಹಳೇ ಪೇಪರಿನಲ್ಲಿ ಒಂದೊಂದನ್ನೂ ಸುತ್ತಿ ಮೇಲೆ ಕೆಂಪು ಸ್ಕೆಚ್‌ಪೆನ್ನಿನಲ್ಲಿ ಗುರುತು ಹಾಕುವುದನ್ನು ಇಬ್ಬರೂ ರೂಢಿ ಮಾಡಿಕೊಂಡಿದ್ದೇವೆ. ಮೊನ್ನೆ ಬೆಳಿಗ್ಗೆ ಆಟೋ ಟಿಪ್ಪರಿನ ಜೊತೆ ಬರುವ ಪೌರಕಾರ್ಮಿಕ ಹೆಣ್ಣುಮಗಳನ್ನು ಹೆಸರು ಕೇಳಿದೆ, ಹೇಳಿದಳು. ಗುರುತಿಲ್ಲದ ಮನೆಗಳಲ್ಲಿ ಡೈಪರ್ ಇದೆಯೆಂದು ಹೇಗೆ ಗೊತ್ತಾಗುತ್ತದೆ ಎಂದೂ ಕೇಳಿದೆ.

"ಕವರ್ ಎತ್ತಿದ್ರೆ ಭಾರದಲ್ಲೇ ಗೊತ್ತಾಗುತ್ತಮ್ಮಾ," ಎಂದಳು. "ಹಸಿ ಕಸದ ಒಳಗೆ ಹಾಕಿಬಿಟ್ಟಿದ್ರೆ ಮಾತ್ರ ಕೈ ಹಾಕೇ ತೆಗೀಬೇಕು."

ನಾನು ಕೊಟ್ಟ ಪೊಟ್ಟಣಗಳನ್ನು ಎಣಿಸಿದಂತೆ ನೋಡಿ, ಗಾಡಿಯ ಪಕ್ಕಕ್ಕೆ ಕಟ್ಟಿದ್ದ ಬೇರೆ ಚೀಲಕ್ಕೆ ಹಾಕಿಕೊಂಡಳು. ಕೈಗೆ ಗ್ಲೌಸು ಇರಲಿಲ್ಲ.