ತಿರುವಿನ ಮೊದಲ ಅರ್ಧ ಸೆಕೆಂಡು

ಟೊಯೊಟಾ ಕಂಪನಿ 2018ರ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಅಮೆರಿಕದಲ್ಲಿ ಮೂರು ವೇರಿಯೆಂಟುಗಳಲ್ಲಿ ಮಾರಾಟಕ್ಕಿಟ್ಟಿತು. ಎಲ್‌ಇ ಮೂರರಲ್ಲೂ ಅಗ್ಗದ್ದು, ಎಕ್ಸ್‌ಎಲ್‌ಇ ಸುಖ ಸೌಕರ್ಯದ್ದು, ಎಸ್‌ಇ ಸ್ಪೋರ್ಟಿ ಎನಿಸಿಕೊಂಡದ್ದು. ಮೂರರ ಬಾನೆಟ್ಟಿನಡಿಯೂ ಇರುವುದು ಅದೇ 2.5 ಲೀಟರಿನ ಪೆಟ್ರೋಲ್ ಎಂಜಿನ್, ಅದೇ ವಿದ್ಯುತ್ ಮೋಟರ್. ಎರಡೂ ಸೇರಿ ಕೊಡುವ ಗರಿಷ್ಠ ಶಕ್ತಿಯೂ ಅದೇ 208 ಅಶ್ವಶಕ್ತಿ. ಆದರೂ ಹೆದ್ದಾರಿಯಿಂದ ಕೆಳಗಿಳಿಯುವ ಸುರುಳಿ ರಸ್ತೆಯಲ್ಲಿ ಎಲ್‌ಇ ಮತ್ತು ಎಸ್‌ಇ ಎರಡನ್ನೂ ಒಂದಾದ ಮೇಲೊಂದು ಓಡಿಸಿದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಎಂಜಿನ್ ಬದಲಾಗದೆ ಕಾರಿನ ನಡೆ ಹೇಗೆ ಬದಲಾಯಿತು?

ಇದಕ್ಕೆ ಉತ್ತರ ಹುಡುಕಲು ಈ ಮೂರು ವೇರಿಯೆಂಟುಗಳು ಹೇಳಿ ಮಾಡಿಸಿದಂತಿವೆ. ಎಲ್‌ಇಗೆ 16 ಇಂಚಿನ ಚಕ್ರ ಮತ್ತು ಮೆತ್ತನೆಯ ಸಸ್ಪೆನ್ಷನ್. ಎಕ್ಸ್‌ಎಲ್‌ಇಗೆ 18 ಇಂಚಿನ ಚಕ್ರ, ಆದರೆ ಸಸ್ಪೆನ್ಷನ್ ಮೆತ್ತನೆಯದೇ. ಎಸ್‌ಇಗೆ 18 ಇಂಚಿನ ಚಕ್ರದ ಜತೆಗೆ ಬಿಗಿ ಮಾಡಿದ ಸಸ್ಪೆನ್ಷನ್. ಮೊದಲನೆಯದರಿಂದ ಎರಡನೆಯದಕ್ಕೆ ಬಂದರೆ ಚಕ್ರದ ಪ್ರಭಾವ ಕಾಣುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಬಂದರೆ ಸಸ್ಪೆನ್ಷನ್ನಿನ ಪ್ರಭಾವ. ಪ್ರಯೋಗಾಲಯದಲ್ಲಿ ಒಂದೊಂದೇ ಅಂಶ ಬದಲಿಸಿ ನೋಡುವ ಹಾಗೆ ಇಲ್ಲಿ ಕಾರಣಗಳನ್ನು ಬಿಡಿಸಿ ನೋಡಬಹುದು.

ಮೊದಲು ತಿರುವಿನಲ್ಲಿ ಏನಾಗುತ್ತದೆ ಎಂದು ನೋಡೋಣ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುವುದಿಲ್ಲ. ಮೊದಲು ತಿರುಗುವುದು ಲೋಹದ ರಿಮ್. ನೆಲಕ್ಕೆ ಅಂಟಿಕೊಂಡ ರಬ್ಬರಿನ ಪಟ್ಟಿ ಆ ಕ್ಷಣಕ್ಕೆ ಇನ್ನೂ ನೇರಕ್ಕೇ ಇರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ತಿರುಚಿಕೊಳ್ಳುತ್ತದೆ. ಚಕ್ರ ಉರುಳುತ್ತ ಹೋದ ಹಾಗೆ ಆ ತಿರುಚು ಬೆಳೆದು, ಅದರಿಂದ ಅಡ್ಡಬಲ ಹುಟ್ಟುತ್ತದೆ. ಆ ಬಲ ಕಾರಿನ ಮೂತಿಯನ್ನು ಒಳಕ್ಕೆ ಎಳೆಯುತ್ತದೆ. ಮೂತಿ ತಿರುಗಿದ ಮೇಲೆ ಹಿಂದಿನ ಟೈರುಗಳು ತಮ್ಮ ಪಾಲಿನ ಅಡ್ಡಬಲವನ್ನು ಹೊರಲು ಶುರುಮಾಡುತ್ತವೆ. ಅಷ್ಟರಲ್ಲಿ ಕಾರಿನ ಮೈ ಹೊರಗಡೆಗೆ ವಾಲಿ, ಆ ಬದಿಯ ಸ್ಪ್ರಿಂಗುಗಳು ಅದುಮಿಕೊಂಡಿರುತ್ತವೆ. ಇಷ್ಟೆಲ್ಲ ಮುಗಿದ ಮೇಲೆಯೇ ಕಾರು ತಿರುವಿನಲ್ಲಿ ನೆಲೆಯಾಗಿ ಸಾಗುವುದು. ಸ್ಥೂಲವಾಗಿ ಅರ್ಧ ಸೆಕೆಂಡಿನೊಳಗೆ ನಡೆದುಹೋಗುವ ಕಥೆ ಇದು.

ಸ್ಪೋರ್ಟಿ ವೇರಿಯೆಂಟ್ ಕೊಡುವ ಅನುಭವದ ಬಹುಪಾಲು ಇರುವುದು ಈ ಅರ್ಧ ಸೆಕೆಂಡಿನಲ್ಲೇ. ಸ್ಟೀರಿಂಗ್ ತಿರುಗಿಸಿದ್ದಕ್ಕೂ ಕಾರು ಉತ್ತರ ಕೊಡುವುದಕ್ಕೂ ನಡುವಿನ ವಿಳಂಬ ಕಡಿಮೆಯಾದಷ್ಟೂ ಕಾರು ಚುರುಕು ಎನಿಸುತ್ತದೆ. ವಿಳಂಬ ಹೆಚ್ಚಿದ್ದರೆ ಚಾಲಕರು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸಿ, ಮತ್ತೆ ಹಿಂದಕ್ಕೆ ತಂದು ಸರಿಪಡಿಸುತ್ತಿರಬೇಕಾಗುತ್ತದೆ. ‘ಹ್ಯಾಂಡ್ಲಿಂಗ್ ಚೆನ್ನಾಗಿದೆ’ ಎಂದು ನಾವು ಹೊಗಳುವುದು ಬಹುಪಾಲು ಈ ಸರಿಪಡಿಕೆಯ ಕೆಲಸ ತಪ್ಪಿದ್ದಕ್ಕೆ.

ಈಗ ಟೈರನ್ನು ಹತ್ತಿರದಿಂದ ನೋಡೋಣ. ಎಲ್‌ಇಯ ಟೈರಿನ ಪಕ್ಕದಲ್ಲಿ 205/65 ಆರ್ 16 ಎಂದು ಬರೆದಿರುತ್ತದೆ. 205 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಸೈಡ್‌ವಾಲಿನ ಎತ್ತರ ಆ ಅಗಲದ ನೂರಕ್ಕೆ 65 ಪಾಲು. ಲೆಕ್ಕ ಹಾಕಿದರೆ ಸುಮಾರು 133 ಮಿಲಿಮೀಟರ್. ಕೊನೆಯ 16 ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಎಸ್‌ಇಯ ಟೈರು 235/45 ಆರ್ 18. ಇದರ ಸೈಡ್‌ವಾಲ್ ಎತ್ತರ ಸುಮಾರು 106 ಮಿಲಿಮೀಟರ್. ಕುತೂಹಲದ ಸಂಗತಿಯೆಂದರೆ ರಿಮ್ಮು ಮತ್ತು ಎರಡೂ ಕಡೆಯ ರಬ್ಬರು ಸೇರಿಸಿದರೆ ಎರಡು ಚಕ್ರಗಳ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ: ಒಂದು 673 ಮಿಲಿಮೀಟರ್, ಇನ್ನೊಂದು 669. ದೂರದಿಂದ ನೋಡಿದವರಿಗೆ ಎಸ್‌ಇಯ ಚಕ್ರ ದೊಡ್ಡದು ಎನಿಸುವುದು ಅಲ್ಲಿ ಲೋಹ ಹೆಚ್ಚು, ರಬ್ಬರು ಕಡಿಮೆ ಇರುವುದರಿಂದ.

ಕಡಿಮೆಯಾದ ಆ 27 ಮಿಲಿಮೀಟರ್ ರಬ್ಬರೇ ಕಥೆಯ ನಾಯಕ. ಗಿಡ್ಡ ಗೋಡೆ ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ. ಹಾಗಾಗಿ ರಿಮ್ ತಿರುಗಿದ್ದು ನೆಲ ಮುಟ್ಟಿದ ಪಟ್ಟಿಗೆ ಬೇಗ ತಲಪುತ್ತದೆ, ಅಡ್ಡಬಲ ಬೇಗ ಏರುತ್ತದೆ. ತಿರುವಿನಲ್ಲಿ ಟೈರು ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಕೆಲವು ಡಿಗ್ರಿಗಳ ಅಂತರ ಇದ್ದೇ ಇರುತ್ತದೆ. ಎಂಜಿನಿಯರುಗಳು ಇದನ್ನು ಸ್ಲಿಪ್ ಆ್ಯಂಗಲ್ ಎನ್ನುತ್ತಾರೆ. ಹಾಗೆಂದ ಮಾತ್ರಕ್ಕೆ ಟೈರು ಜಾರುತ್ತಿದೆ ಎಂದಲ್ಲ. ರಬ್ಬರು ಬಾಗಿಯೇ ಹಿಡಿತ ಕೊಡುವುದು. ಗಿಡ್ಡ ಗೋಡೆಯ ಟೈರಿಗೆ ಅಷ್ಟೇ ಅಡ್ಡಬಲ ಕೊಡಲು ಇನ್ನೂ ಚಿಕ್ಕ ಕೋನ ಸಾಕು. ಅಂದರೆ ಸ್ಟೀರಿಂಗನ್ನು ಕಡಿಮೆ ತಿರುಗಿಸಿದರೂ ಕೆಲಸ ಆಗುತ್ತದೆ.

ಅಗಲವಾದ ಟೈರಿನಿಂದ ನೆಲಕ್ಕೆ ತಾಗುವ ರಬ್ಬರು ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕಾರಿನ ತೂಕವನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿಯ ಒತ್ತಡ. ಸುಮಾರು 1,600 ಕಿಲೋ ತೂಕದ ಕಾರಿನಲ್ಲಿ ಒಂದು ಚಕ್ರದ ಪಾಲಿಗೆ 400 ಕಿಲೋ ಬಂತೆನ್ನಿ. 35 ಪಿಎಸ್‌ಐ ಗಾಳಿ ತುಂಬಿದ್ದರೆ ಆ ತೂಕ ಹೊರಲು ಸ್ಥೂಲವಾಗಿ 160 ಚದರ ಸೆಂಟಿಮೀಟರ್ ಜಾಗ ಸಾಕು, ಬೆರಳು ಸಮೇತ ಊರಿದ ಒಂದು ಹಸ್ತದಷ್ಟು. ಟೈರು 205 ಇರಲಿ, 235 ಇರಲಿ, ಈ ವಿಸ್ತೀರ್ಣ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಆಕಾರ. ಕಿರಿದಾದ ಟೈರಿನಲ್ಲಿ ಅದು ಉದ್ದುದ್ದ, ಅಗಲವಾದ ಟೈರಿನಲ್ಲಿ ಗಿಡ್ಡ ಮತ್ತು ಅಗಲ. ಅಡ್ಡಬಲಕ್ಕೆ ಬೇಗ ಸ್ಪಂದಿಸಲು ಈ ಎರಡನೆಯ ಆಕಾರ ಅನುಕೂಲ.

ಇನ್ನು ಸಸ್ಪೆನ್ಷನ್. ಬಿಗಿ ಸ್ಪ್ರಿಂಗು ಹಾಕಿದರೆ ಕಾರು ಕಡಿಮೆ ವಾಲುತ್ತದೆ, ಆದ್ದರಿಂದ ತೂಕ ಹೊರಬದಿಯ ಚಕ್ರಗಳಿಗೆ ಕಡಿಮೆ ಸರಿಯುತ್ತದೆ ಎಂದು ಹೇಳುವವರಿದ್ದಾರೆ. ಇದು ಅರ್ಧ ಸತ್ಯ. ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ಎಷ್ಟು ತೂಕ ಹೊರಬದಿಗೆ ಸರಿಯಬೇಕು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ತೀವ್ರತೆ. ಒಂದು ಉದಾಹರಣೆ ತೆಗೆದುಕೊಳ್ಳಿ. 1,600 ಕಿಲೋ ಕಾರು, ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ, ಚಕ್ರಗಳ ಅಂತರ 1.6 ಮೀಟರ್. ಗುರುತ್ವಾಕರ್ಷಣೆಯ ಅರ್ಧದಷ್ಟು ಅಡ್ಡವೇಗೋತ್ಕರ್ಷದಲ್ಲಿ ತಿರುಗಿದರೆ 275 ಕಿಲೋದಷ್ಟು ಭಾರ ಒಳಬದಿಯಿಂದ ಹೊರಬದಿಗೆ ಸರಿಯುತ್ತದೆ. ನೇರ ರಸ್ತೆಯಲ್ಲಿ ಎರಡೂ ಬದಿಗೆ 800 ಕಿಲೋ ಇದ್ದದ್ದು ಈಗ ಹೊರಗೆ 1,075, ಒಳಗೆ 525. ಸ್ಪ್ರಿಂಗು ಬಿಗಿ ಇದ್ದರೂ ಸಡಿಲ ಇದ್ದರೂ ಈ ಲೆಕ್ಕ ಹೆಚ್ಚು ಕದಲುವುದಿಲ್ಲ.

ಹಾಗಾದರೆ ಬಿಗಿ ಸಸ್ಪೆನ್ಷನ್ನಿನಿಂದ ಸಿಗುವುದೇನು? ಮೊದಲನೆಯದು ಸಮಯ. ಮೈ ಕಡಿಮೆ ವಾಲಿ ಬೇಗ ನೆಲೆಗೊಳ್ಳುತ್ತದೆ. ಬಿಗಿ ಶಾಕ್ ಅಬ್ಸಾರ್ಬರುಗಳು ಅದನ್ನು ಮತ್ತೆ ಮತ್ತೆ ತೂಗಾಡಲು ಬಿಡುವುದಿಲ್ಲ. ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಎರಡನೆಯದು ಹಂಚಿಕೆ. ಸರಿದ ಆ 275 ಕಿಲೋದಲ್ಲಿ ಮುಂದಿನ ಚಕ್ರಕ್ಕೆಷ್ಟು, ಹಿಂದಿನದಕ್ಕೆಷ್ಟು ಎಂಬುದನ್ನು ಸ್ಪ್ರಿಂಗು ಮತ್ತು ಮೈ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರುಗಳ ಬಿಗಿ ತೀರ್ಮಾನಿಸುತ್ತದೆ. ಎಂಜಿನ್, ಮೋಟರ್, ಗೇರ್‌ಬಾಕ್ಸ್ ಎಲ್ಲವೂ ಮುಂದಿರುವ ಕಾರಿನಲ್ಲಿ ಮುಂದಿನ ಟೈರುಗಳೇ ಮೊದಲು ಸೋಲುತ್ತವೆ. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುವಿನ ಹೊರಕ್ಕೆ ಸಾಗುತ್ತದೆ. ಹಿಂಬದಿಯನ್ನು ತುಸು ಹೆಚ್ಚು ಬಿಗಿ ಮಾಡಿದರೆ ಮುಂದಿನ ಹೊರಚಕ್ರದ ಹೊರೆ ಇಳಿದು ಈ ಚಾಳಿ ತಗ್ಗುತ್ತದೆ.

ಗುರುತ್ವ ಕೇಂದ್ರವನ್ನೇ ಕೆಳಗಿಳಿಸಿದರೆ? ಮೇಲಿನ ಉದಾಹರಣೆಯಲ್ಲಿ ಎರಡು ಸೆಂಟಿಮೀಟರ್ ಇಳಿಸಿದರೂ ಸರಿಯುವ ಭಾರ ಹತ್ತು ಕಿಲೋ ಕಡಿಮೆಯಾಗುತ್ತದೆ, ಅದೂ ಪ್ರಯಾಣದ ಸುಖ ಕೆಡದೆ. ಹೈಬ್ರಿಡ್ಡಿಗೆ ಒದಗಿದ ಅನುಕೂಲ ಇಲ್ಲಿದೆ. ಹಿಂದಿನ ಪೀಳಿಗೆಯ ಕ್ಯಾಮ್ರಿಯಲ್ಲಿ ಬ್ಯಾಟರಿ ಡಿಕ್ಕಿಯಲ್ಲಿ, ಹಿಂಬದಿ ಸೀಟಿನ ಬೆನ್ನಿಗಿತ್ತು. 2018ರ ಮಾದರಿಯಲ್ಲಿ ಅದನ್ನು ಹಿಂಬದಿ ಸೀಟಿನ ಅಡಿಗೆ ತಂದರು. ಭಾರವೂ ಕೆಳಗಿಳಿಯಿತು, ಎರಡು ಜೋಡಿ ಚಕ್ರಗಳ ನಡುವಿಗೂ ಬಂತು. ಹಿಂದಿನ ಚಕ್ರಗಳಿಗೆ, ಪ್ರತಿ ಚಕ್ರವನ್ನು ಎರಡು ತೋಳುಗಳಿಂದ ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಬಂದದ್ದೂ ಆಗಲೇ. ಇವು ಮೂರೂ ವೇರಿಯೆಂಟುಗಳಿಗೆ ಸಮಾನ. ಆದ್ದರಿಂದ ಕಾರಿನ ಹ್ಯಾಂಡ್ಲಿಂಗಿನ ಅಡಿಪಾಯ ಎಲ್‌ಇ ಕೊಂಡವರಿಗೂ ಪೂರ್ತಿಯಾಗಿ ಸಿಗುತ್ತದೆ. ಎಸ್‌ಇ ಅದರ ಮೇಲೆ ಚುರುಕನ್ನು ಸೇರಿಸುತ್ತದೆ. ಸ್ಪೋರ್ಟ್ ಮೋಡ್ ಗುಂಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಅದನ್ನು ಒತ್ತಿದರೆ ಆ್ಯಕ್ಸಿಲರೇಟರಿಗೆ ಕಾರು ಬೇಗ ಸ್ಪಂದಿಸುತ್ತದೆ. ಟೈರು, ಸ್ಪ್ರಿಂಗು ಇದ್ದ ಹಾಗೇ ಇರುತ್ತವೆ.

ಇದಕ್ಕೆಲ್ಲ ತೆರುವ ಬೆಲೆ ಎಷ್ಟು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳ ಪ್ರಕಾರ, ನಗರ ಮತ್ತು ಹೆದ್ದಾರಿ ಸೇರಿಸಿ ಎಲ್‌ಇಯ ಮೈಲೇಜ್ ಗ್ಯಾಲನ್ನಿಗೆ 52 ಮೈಲಿ. ಎಸ್‌ಇಯದು 46. ನಮ್ಮ ಲೆಕ್ಕಕ್ಕೆ ತಂದರೆ ಲೀಟರಿಗೆ ಸುಮಾರು 22.1 ಮತ್ತು 19.6 ಕಿಲೋಮೀಟರ್. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವರಿಗೆ 85ರಿಂದ 90 ಲೀಟರ್ ಪೆಟ್ರೋಲಿನ ವ್ಯತ್ಯಾಸ. ಇದರಲ್ಲಿ ಬಿಗಿ ಸಸ್ಪೆನ್ಷನ್ನಿನ ಪಾಲೆಷ್ಟು? ಎಕ್ಸ್‌ಎಲ್‌ಇಯ ಅಂಕಿಯೂ 46ನ್ನೇ ತೋರಿಸುತ್ತದೆ. ಮೆತ್ತನೆ ಸಸ್ಪೆನ್ಷನ್ನಿನ ಕಾರಿಗೂ ಬಿಗಿ ಸಸ್ಪೆನ್ಷನ್ನಿನ ಕಾರಿಗೂ ಒಂದೇ ಮೈಲೇಜ್ ಎಂದಮೇಲೆ ಸ್ಪ್ರಿಂಗು ಪೆಟ್ರೋಲ್ ಕುಡಿಯುತ್ತಿಲ್ಲ. ಬ್ಯಾಟರಿ ಇರಬಹುದೇ? 2018ರಲ್ಲಿ ಎಲ್‌ಇಗೆ ಲಿಥಿಯಂ ಅಯಾನ್ ಬ್ಯಾಟರಿ, ಉಳಿದೆರಡಕ್ಕೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದ್ದದ್ದು ನಿಜ. ಆದರೆ 2021ರಿಂದ ಎಲ್ಲಕ್ಕೂ ಲಿಥಿಯಂ ಬಂದ ಮೇಲೂ 52 ಮತ್ತು 46ರ ಅಂತರ ಹಾಗೆಯೇ ಉಳಿಯಿತು. ಉಳಿದದ್ದು ದೊಡ್ಡ ಚಕ್ರ, ಅಗಲದ ಟೈರು, ಜತೆಗೆ ಬಂದ ಸೌಕರ್ಯಗಳ ಹೆಚ್ಚುವರಿ ತೂಕ. ಮುಖ್ಯ ಆರೋಪಿ ಟೈರೇ.

ಟೈರು ಉರುಳುವಾಗ ಪ್ರತಿ ಸುತ್ತಿಗೂ ರಬ್ಬರು ಅದುಮಿಕೊಂಡು ಮತ್ತೆ ಅರಳುತ್ತದೆ. ಅದುಮಲು ಹಾಕಿದ ಶಕ್ತಿಯೆಲ್ಲ ವಾಪಸು ಬರುವುದಿಲ್ಲ. ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವ ರಬ್ಬರಿನಲ್ಲಿ ಈ ನಷ್ಟ ಸಾಮಾನ್ಯವಾಗಿ ಹೆಚ್ಚು. ಇದರಲ್ಲಿ ಹೈಬ್ರಿಡ್ಡಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಸಾಧಾರಣ ಪೆಟ್ರೋಲ್ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ವೇಗದ ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗಲೂ ಎಂಜಿನ್ ಇಂಧನ ಉರಿಸುತ್ತದೆ. ಹೈಬ್ರಿಡ್ ಈ ಎರಡೂ ಸೋರಿಕೆಗಳನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಆಮೇಲೆ ಉಳಿಯುವ ಖರ್ಚಿನಲ್ಲಿ ಗಾಳಿಯ ತಡೆ ಮತ್ತು ಟೈರಿನ ನಷ್ಟದ ಪಾಲು ದೊಡ್ಡದಾಗುತ್ತದೆ. ಅಂದರೆ ಯಂತ್ರ ಜಾಣವಾದಷ್ಟೂ ಟೈರಿನ ಆಯ್ಕೆ ಹೆಚ್ಚು ಮುಖ್ಯವಾಗುತ್ತ ಹೋಗುತ್ತದೆ. 2025ರ ಮಾದರಿಯಿಂದ ಅಮೆರಿಕದಲ್ಲಿ ಕ್ಯಾಮ್ರಿ ಹೈಬ್ರಿಡ್ ಆಗಿಯೇ ಸಿಗುತ್ತದೆ. ಅಲ್ಲಿ ನೆಲೆಸಿದ ಎಷ್ಟೋ ಕನ್ನಡಿಗ ಕುಟುಂಬಗಳು ಶೋರೂಮಿನಲ್ಲಿ ಈ ಆಯ್ಕೆಯ ಮುಂದೆಯೇ ನಿಲ್ಲುತ್ತವೆ.

ನಮ್ಮಲ್ಲೂ ಇದು ದೂರದ ಮಾತಲ್ಲ. ಕ್ಯಾಮ್ರಿ ಹೈಬ್ರಿಡ್ 2013ರಿಂದ ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿದೆ. ಅಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡಿನಲ್ಲೂ ಕೆಳಗಿನ ವೇರಿಯೆಂಟಿಗೆ 16 ಇಂಚು, ಮೇಲಿನದಕ್ಕೆ 18 ಇಂಚು ಚಕ್ರ ಬರುತ್ತದೆ. ನಮ್ಮ ರಸ್ತೆಗಳಲ್ಲಿ ಸೈಡ್‌ವಾಲಿನ ಎತ್ತರಕ್ಕೆ ಇನ್ನೊಂದು ಅರ್ಥವೂ ಇದೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ರಿಮ್ಮನ್ನು ಕಾಯುವುದು ಆ ರಬ್ಬರಿನ ಗೋಡೆಯೇ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳ ಎಂದು ಕಾಣದಿರುವಾಗ ಕ್ಯಾಮ್ರಿಯ ಆ 27 ಮಿಲಿಮೀಟರ್ ದೊಡ್ಡ ಸಂಗತಿ.

ಹಾಗಾಗಿ ಎರಡು ವೇರಿಯೆಂಟುಗಳನ್ನು ಹೋಲಿಸುವವರಿಗೆ ನನ್ನ ಸಲಹೆ ಇಷ್ಟು. ಹೆಸರಿನ ಕೊನೆಯ ಅಕ್ಷರಗಳನ್ನು ಬಿಟ್ಟು ಟೈರಿನ ಪಕ್ಕದ ಅಂಕಿಗಳನ್ನು ಮೊದಲು ಓದಿ. ಎರಡನ್ನೂ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ತುಂಬಿಸಿ ಓಡಿಸಿ. ವೇಗವಾಗಿ ತಿರುಗಿಸಿ ನೋಡುವ ಅಗತ್ಯವಿಲ್ಲ. ಸ್ಟೀರಿಂಗಿನ ಮೊದಲ ಚಲನೆಗೆ ಕಾರು ಎಷ್ಟು ಬೇಗ ಉತ್ತರಿಸುತ್ತದೆ, ಉತ್ತರಿಸಿದ ಮೇಲೆ ಎಷ್ಟು ಬೇಗ ನೆಲೆಗೊಳ್ಳುತ್ತದೆ, ಇವೆರಡನ್ನು ಗಮನಿಸಿದರೆ ಸಾಕು. ಆಮೇಲೆ ಒಂದೆರಡು ಹಂಪುಗಳ ಮೇಲೆ, ಒಂದು ಹದಗೆಟ್ಟ ರಸ್ತೆಯ ಮೇಲೆ ಹಾಯಿಸಿ, ಹಿಂಬದಿ ಸೀಟಿನಲ್ಲಿ ಕೂತವರನ್ನೂ ಕೇಳಿ. ಜಾಹೀರಾತಿನ ಮೈಲೇಜ್ ಯಾವ ಅಳತೆಯ ಚಕ್ರದ ಮೇಲೆ ಬಂದದ್ದು ಎಂದು ಡೀಲರನ್ನು ವಿಚಾರಿಸಿ. ಘಾಟಿಯ ತಿರುವುಗಳಲ್ಲಿ ಖುಷಿಯಿಂದ ಓಡಿಸುವವರಿಗೆ ಆ ಅರ್ಧ ಸೆಕೆಂಡಿನ ಚುರುಕು ಕೊಟ್ಟ ಹಣಕ್ಕೆ ತಕ್ಕದ್ದೇ. ದಿನವೂ ನಗರದ ದಟ್ಟಣೆಯಲ್ಲಿ ಕಚೇರಿಗೆ ಹೋಗಿ ಬರುವವರು ಎತ್ತರದ ಸೈಡ್‌ವಾಲಿನ ಸಾಧಾರಣ ವೇರಿಯೆಂಟನ್ನು ಕೊಂಡರೆ ತಾವು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಿಲ್ಲ. ಹೈಬ್ರಿಡ್ಡಿನ ಮೂಲ ಗುಣ ಪೂರ್ತಿಯಾಗಿ ಉಳಿದಿರುವುದು ಅದರಲ್ಲೇ.