ಎರಡು ಕಿಟಕಿ ಅಕ್ಕಪಕ್ಕ ಇಲ್ಲದೆ ಕಾಯ್ದೆ ಓದೋದು ಹೇಗೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44ನೇ ಸೆಕ್ಷನ್ನಿನ 3ನೇ ಉಪಸೆಕ್ಷನ್ ಓದಿದ್ದೀರಾ? ಅರ್ಧ ನಿಮಿಷವೂ ಬೇಡ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ಇರುವ ಜಾಗಕ್ಕೆ ಇನ್ನೊಂದು ಸಾಲನ್ನು ಹಾಕಬೇಕು ಅನ್ನುತ್ತದೆ. ಆ ಹೊಸ ಸಾಲು ಹೇಳೋದು ಇಷ್ಟೇ: ವೈಯಕ್ತಿಕ ಮಾಹಿತಿಗೆ ಸಂಬಂಧಪಟ್ಟದ್ದನ್ನು ಕೊಡಬೇಕಾಗಿಲ್ಲ. ಮುಗೀತು. ಫೋನಿನಲ್ಲಿ ಇದನ್ನು ಓದಿದವರು "ಇದರಲ್ಲೇನಿದೆ, ಖಾಸಗಿತನ ಒಳ್ಳೇದೇ ಅಲ್ವಾ" ಅಂತ ಮುಂದೆ ಹೋಗಿಬಿಡ್ತಾರೆ.

ಈಗ ಪಕ್ಕದಲ್ಲೇ 2005ರ ಮೂಲ ಕಾಯ್ದೆಯನ್ನು ತೆರೆದು ಅದೇ ಕಲಮಿಗೆ ಬನ್ನಿ. ಅಲ್ಲಿ ಮಾತು ಉದ್ದ ಇದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ವಿನಾಕಾರಣ ಖಾಸಗಿತನಕ್ಕೆ ಕೈಹಾಕುವ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದಿತ್ತು. ಅದನ್ನೂ ಸಾರ್ವಜನಿಕ ಹಿತ ದೊಡ್ಡದು ಅಂತ ಅಧಿಕಾರಿಗೆ ಮನವರಿಕೆಯಾದರೆ ಕೊಡಬಹುದಿತ್ತು. ಜೊತೆಗೆ, ಸಂಸತ್ತಿಗೋ ವಿಧಾನಮಂಡಲಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಷರತ್ತಿತ್ತು. ಇದಿಷ್ಟೂ ಹೋಗಿದೆ. ಆದರೆ ಹೋಗಿದೆ ಅಂತ ಹೊಸ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ತಿದ್ದುಪಡಿಗಳ ಭಾಷೆಯೇ ಹಾಗೆ, ಬಂದದ್ದನ್ನು ತೋರಿಸುತ್ತೆ, ಹೋದದ್ದನ್ನು ತೋರಿಸಲ್ಲ. "8(2) ಇನ್ನೂ ಇದೆ, ಸಾರ್ವಜನಿಕ ಹಿತಕ್ಕೆ ಅದು ಸಾಕು" ಅನ್ನೋದು ಸರ್ಕಾರದ ವಾದ. ಸರಿ, ಅದನ್ನೂ ಪರೀಕ್ಷಿಸಬೇಕಲ್ಲ? ಅದಕ್ಕೆ ಮೂರನೇ ಕಿಟಕಿ ತೆರೀಬೇಕು.

ನಾನು ಹೇಳಹೊರಟಿರೋದು ಈ ಕಿಟಕಿಗಳ ಬಗ್ಗೆಯೇ. ಕಂಪ್ಯೂಟರಿನ ಪರದೆ ಮೇಲೆ ಮೌಸ್ ಹಿಡಿದು ಸರಿಸುವ, ಹಿಗ್ಗಿಸುವ, ಒಂದರ ಪಕ್ಕ ಒಂದು ಇಡುವ ಆಯತಗಳ ಬಗ್ಗೆ. ಇದು ಹಳೇ ವಿಷಯ ಅನ್ನಿಸಬಹುದು. ಆದರೆ ಕಾಲೇಜು ಓದುವ ಹುಡುಗ ಹುಡುಗಿಯರ ಜೊತೆ ದಾಖಲೆ ಓದಲು ಕೂತಾಗಲೆಲ್ಲ ನಾನು ಕಾಣೋದು ಒಂದೇ. ರಾಜಕೀಯದ ಅರಿವು ಅವರಿಗೆ ನನ್ನ ವಯಸ್ಸಿನವರಿಗಿಂತ ಚುರುಕಾಗಿದೆ. ಆದರೆ ಎರಡು ಪಿಡಿಎಫ್ ಹೋಲಿಸಿ ಅಂದರೆ ಒಂದನ್ನು ಓದಿ, ಮುಚ್ಚಿ, ಇನ್ನೊಂದನ್ನು ತೆರೆದು, ಮೊದಲನೆಯದರಲ್ಲಿ ಏನಿತ್ತು ಅಂತ ನೆನಪು ಮಾಡಿಕೊಳ್ತಾರೆ. ಅದು ಅವರ ದೋಷ ಅಲ್ಲ. ಅವರಿಗೆ ಸಿಕ್ಕ ಯಂತ್ರ ಒಂದು ಹೊತ್ತಿಗೆ ಒಂದನ್ನೇ ತೋರಿಸುವಂಥದ್ದು. ಆಂಡ್ರಾಯ್ಡಿನಲ್ಲಿ ಪರದೆಯನ್ನು ಎರಡು ಮಾಡುವ ಸೌಲಭ್ಯ 2016ರಲ್ಲೇ, 7ನೇ ಆವೃತ್ತಿಯಲ್ಲೇ ಬಂತು ನಿಜ. ಅಂಗೈಯಗಲದ ಗಾಜಿನಲ್ಲಿ ಎರಡು ಕಾಯ್ದೆ ಇಟ್ಟು ಓದಿ ನೋಡಿ, ಆಮೇಲೆ ಮಾತಾಡೋಣ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 78ನೇ ಸುತ್ತಿನಲ್ಲಿ ಜನರಿಗೆ ಒಂದು ಪ್ರಶ್ನೆ ಕೇಳಿದ್ದರು: ಕಂಪ್ಯೂಟರಿನಲ್ಲಿ ಒಂದು ಫೈಲನ್ನು ನಕಲು ಮಾಡಲು ಅಥವಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಲು ಬರುತ್ತಾ? 15ರಿಂದ 29 ವಯಸ್ಸಿನವರಲ್ಲೂ ಬಹುಪಾಲು ಜನರಿಗೆ ಬರಲ್ಲ ಅಂತ ಬಂತು. ಡಿಜಿಟಲ್ ಇಂಡಿಯಾ ಅಂದಾಗ ನಮಗೆ ನೆನಪಾಗೋದು ಯುಪಿಐ. ಈ ಉತ್ತರ ನೆನಪಾಗಲ್ಲ.

ಮೌಸನ್ನು ಮಾಡಿದವರ ತಲೆಯಲ್ಲಿ ಏನಿತ್ತು ಅನ್ನೋದು ಇಲ್ಲಿ ಮುಖ್ಯ. ಡಗ್ಲಸ್ ಎಂಗೆಲ್ಬಾರ್ಟ್ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದರು. ಲೋಕದ ಸಮಸ್ಯೆಗಳು ಮನುಷ್ಯರ ಒಂಟಿ ಬುದ್ಧಿಗೆ ನಿಲುಕದಷ್ಟು ಜಟಿಲವಾಗ್ತಿವೆ, ಜನ ಒಟ್ಟಿಗೆ ಕೂತು ಯೋಚಿಸಲು ಯಂತ್ರದ ನೆರವು ಬೇಕು ಅಂತ 1962ರಲ್ಲೇ ಒಂದು ದೊಡ್ಡ ವರದಿ ಬರೆದಿದ್ದರು. ಅವರ ಕಲ್ಪನೆಯ ಮೇಲೆ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರ ಹೊತ್ತಿಗೆ ಮೊದಲ ಮೌಸ್ ಮಾಡಿದರು. ಮರದ ಡಬ್ಬಿ, ಅಡಿಯಲ್ಲಿ ಎರಡು ಚಕ್ರ, ಮೇಲೊಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್ಬಾರ್ಟ್ ತೊಂಬತ್ತು ನಿಮಿಷದ ಪ್ರಾತ್ಯಕ್ಷಿಕೆ ಕೊಟ್ಟರು. ಪರದೆಯನ್ನು ಭಾಗ ಮಾಡಿ ಒಂದು ಕಡೆ ಬರಹ, ಇನ್ನೊಂದು ಕಡೆ ಹತ್ತಾರು ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿ ಕೂತ ಸಹೋದ್ಯೋಗಿಯ ಮುಖ. ಇಬ್ಬರೂ ಒಂದೇ ದಾಖಲೆಯ ಮೇಲೆ ಕೆಲಸ ಮಾಡಿದರು. ಇದಕ್ಕೆಲ್ಲ ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡೂ ಇತ್ತು ಅನ್ನೋದನ್ನು ಮರೆಯೋದು ಬೇಡ. ಆದರೂ ಕೇಂದ್ರದಲ್ಲಿ ಇದ್ದದ್ದು ಓದುವ, ಹೋಲಿಸುವ, ಚರ್ಚಿಸುವ ಗುಂಪು. ಮೌಸಿನಿಂದ ಎಂಗೆಲ್ಬಾರ್ಟರಿಗೆ ರಾಯಧನ ಸಿಗಲಿಲ್ಲ.

ಮೇಜಿನ ಚಿತ್ರ ಬಂದದ್ದು ಆಮೇಲೆ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಕೇಂದ್ರದಲ್ಲಿ 1973ರಲ್ಲಿ ಆಲ್ಟೋ ಎಂಬ ಯಂತ್ರ ತಯಾರಾಯ್ತು. ಅಲ್ಲಿ ಅಲನ್ ಕೇ ಅವರ ಗುಂಪು ಕಿಟಕಿಗಳನ್ನು ಕಾಗದದ ಹಾಳೆಗಳ ಹಾಗೆ ಒಂದರ ಮೇಲೊಂದು ಇಡುವ ದಾರಿ ತೋರಿಸಿತು. 1981ರಲ್ಲಿ ಮಾರಾಟಕ್ಕೆ ಬಂದ ಜೆರಾಕ್ಸ್ ಸ್ಟಾರ್‌ನಲ್ಲಿ ಫೋಲ್ಡರ್, ಡ್ರಾಯರ್, ಒಳಬರುವ ಟಪಾಲಿನ ತಟ್ಟೆ ಎಲ್ಲವೂ ಚಿತ್ರಗಳಾಗಿ ಕೂತವು. ಅದು ಅಮೆರಿಕದ ಆಫೀಸಿನ ಮೇಜು. ನಮ್ಮ ತಾಲ್ಲೂಕು ಕಚೇರಿಯವರು ಕಂಪ್ಯೂಟರ್ ಮಾಡಿದ್ದಿದ್ದರೆ ಫೋಲ್ಡರಿನ ಬದಲು ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟು ಕಾಣಿಸ್ತಿತ್ತು. ಮೇಜನ್ನೇ ನೋಡದ ಕೋಟ್ಯಂತರ ಜನಕ್ಕೆ 'ಡೆಸ್ಕ್‌ಟಾಪ್' ಅನ್ನೋದು ಅರ್ಥವಿಲ್ಲದ ಹೆಸರಾಗಿ ಉಳೀತು. ಸ್ಟಾರ್ ಯಂತ್ರದ ಬೆಲೆ ಸುಮಾರು 16,000 ಡಾಲರ್. 1984ರ ಮೆಕಿಂಟಾಷ್ ಅದನ್ನು 2,495 ಡಾಲರಿಗೆ ಇಳಿಸಿತು. 1985ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಬಂತು. ಆಮೇಲೆ ಕೋರ್ಟು: 1988ರಲ್ಲಿ ಆಪಲ್, ನಮ್ಮದನ್ನು ನಕಲು ಮಾಡಿದ್ದಾರೆ ಅಂತ ಮೈಕ್ರೋಸಾಫ್ಟ್ ಮೇಲೆ ಹೋಯ್ತು, 1989ರಲ್ಲಿ ಜೆರಾಕ್ಸ್, ಅದು ನಮ್ಮದು ಅಂತ ಆಪಲ್ ಮೇಲೆ ಹೋಯ್ತು. ಇಬ್ಬರೂ ಗೆಲ್ಲಲಿಲ್ಲ. ಅದು ಒಳ್ಳೆಯದೇ ಆಯ್ತು ಅಂತ ನನ್ನ ಅಭಿಪ್ರಾಯ. ಗೆದ್ದಿದ್ದರೆ ಇವತ್ತು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಗ್ನೋಮ್, ಕೆಡಿಇಗಳ ದಾರಿ ಇಷ್ಟು ಸಲೀಸಾಗಿ ಇರುತ್ತಿರಲಿಲ್ಲ.

ಇನ್ನು, ಒಂದು ಕ್ಲಿಕ್ ಆದಾಗ ಏನಾಗುತ್ತೆ? ಮೌಸಿಗೆ ಕಿಟಕಿ ಗೊತ್ತಿಲ್ಲ, ಫೈಲ್ ಗೊತ್ತಿಲ್ಲ. ಎಷ್ಟು ಸರಿದೆ, ಯಾವ ಗುಂಡಿ ಒತ್ತಿದರು, ಇಷ್ಟನ್ನೇ ಅದು ಹೇಳುತ್ತೆ. ಬಾಣದ ಗುರುತು ಪರದೆಯ ಯಾವ ಬಿಂದುವಿನಲ್ಲಿದೆ, ಆ ಬಿಂದುವಿನಲ್ಲಿ ಎಲ್ಲಕ್ಕಿಂತ ಮೇಲಿರೋ ಕಿಟಕಿ ಯಾರದು ಅಂತ ಲೆಕ್ಕ ಹಾಕಿ, "ನಿನ್ನ ಮೇಲೆ ಇಲ್ಲಿ ಒತ್ತಿದ್ದಾರೆ" ಅಂತ ಆ ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸೋದು ಕಿಟಕಿ ವ್ಯವಸ್ಥೆಯ ಕೆಲಸ. ಕೀಬೋರ್ಡಿಗೆ ಇನ್ನೊಂದು ನಿಯಮ. ಕಂಡ ಕಿಟಕಿಗಳು ಹತ್ತು ಇದ್ದರೂ ಟೈಪ್ ಮಾಡಿದ ಅಕ್ಷರ ಹೋಗೋದು ಒಂದಕ್ಕೇ, ಕೊನೆಗೆ ಕ್ಲಿಕ್ ಮಾಡಿದ್ದಕ್ಕೆ. "ನಾನು ಬರೀತಾ ಇದ್ದೀನಿ, ಏನೂ ಬರ್ತಿಲ್ಲ" ಅನ್ನುವ ಹೊಸಬರ ಕಷ್ಟದಲ್ಲಿ ಅರ್ಧ ಇದೇ. ಕಣ್ಣು ಒಂದು ಕಿಟಕಿಯಲ್ಲಿ, ಕೀಬೋರ್ಡು ಇನ್ನೊಂದರಲ್ಲಿ.

ಎಳೆಯೋದು ಬಿಡೋದು ಅಭ್ಯಾಸ ಆಗಲು ವಿಂಡೋಸಿನ ಜೊತೆ 1990ರಿಂದ ಬಂದ ಸಾಲಿಟೇರ್ ಇಸ್ಪೀಟೇ ಮೇಷ್ಟ್ರಾಗಿತ್ತು ಅಂತ ಹೇಳ್ತಾರೆ. ಸರ್ಕಾರಿ ಕಚೇರಿಗಳಲ್ಲಿ ಆ ಪಾಠ ತುಸು ಜಾಸ್ತಿಯೇ ಆಯ್ತು, ಬಿಡಿ.

ಈ ವ್ಯವಸ್ಥೆಯ ಒಂದು ಒಳ್ಳೆಯ ಗುಣ ಅಂದರೆ ಮಾಡಬಹುದಾದದ್ದು ಕಣ್ಣೆದುರಿಗೆ ಇರುತ್ತೆ. ಮೊದಲು ಆಜ್ಞೆಗಳನ್ನು ಬಾಯಿಪಾಠ ಮಾಡಿ ಟೈಪ್ ಮಾಡಬೇಕಿತ್ತು. ಮೆನು ಬಂದ ಮೇಲೆ ಪಟ್ಟಿ ನೋಡಿ ಆರಿಸಿದರಾಯ್ತು. ಈಗ ಮಾಡಲಾಗದ್ದು ಕೂಡ ಮಾಸಲು ಬಣ್ಣದಲ್ಲಿ ಕಾಣುತ್ತೆ, ಅಂದರೆ ಅಂಥದ್ದೊಂದು ಇದೆ ಅನ್ನೋದಾದರೂ ಗೊತ್ತಾಗುತ್ತೆ. ಫೋನು ಇದನ್ನು ಮತ್ತೆ ಹಿಂದಕ್ಕೆ ಒಯ್ದಿದೆ. ಎಡಕ್ಕೆ ಸರಿಸಿದರೆ ಒಂದು, ಒತ್ತಿ ಹಿಡಿದರೆ ಇನ್ನೊಂದು, ಎರಡು ಬೆರಳಲ್ಲಿ ಮತ್ತೊಂದು. ಯಾವುದೂ ಪರದೆಯ ಮೇಲೆ ಬರೆದಿರಲ್ಲ, ಯಾರಾದರೂ ತೋರಿಸಿಕೊಡಬೇಕು. ಫೈಲ್ ಎಲ್ಲಿ ಉಳೀತು ಅನ್ನೋದೂ ಹಾಗೇ. ಕೇಳಿದರೆ "ವಾಟ್ಸಾಪಲ್ಲಿ ಇದೆ" ಅಂತಾರೆ.

ಆದರೆ 'ಕಣ್ಣೆದುರಿಗೆ' ಅಂದೆನಲ್ಲ, ಆ ಪದದಲ್ಲೇ ಒಂದು ಹೊರಗಿಡುವಿಕೆ ಇದೆ. ಕಣ್ಣು ಕಾಣದವರು ಡಾಸ್ ಕಾಲದಲ್ಲಿ ಪರದೆಯ ಅಕ್ಷರಗಳನ್ನು ತಂತ್ರಾಂಶದಿಂದ ಓದಿಸಿಕೊಂಡು ಕೆಲಸ ಮಾಡ್ತಿದ್ದರು. ಪರದೆ ಚಿತ್ರವಾಗಿಬಿಟ್ಟಾಗ ಓದಲು ಅಕ್ಷರವೇ ಇಲ್ಲದಂತಾಗಿ ಅವರ ನೌಕರಿಗೇ ಕುತ್ತು ಬಂತು. ಕಿಟಕಿಯೊಳಗಿನ ಪ್ರತಿ ಗುಂಡಿಗೂ ಹೆಸರು ಬರೆದಿಡಬೇಕು ಎಂಬ ನಿಯಮ ನೆಲೆಯಾಗಲು ವರ್ಷಗಳೇ ಹಿಡಿದವು. 2006ರಲ್ಲಿ ಶುರುವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಇಂದು ಇಲ್ಲೂ ಬಳಸ್ತಾರೆ. ಆದರೆ ಗುಂಡಿಗೆ ಹೆಸರು ಕೊಡದ ಸರ್ಕಾರಿ ಜಾಲತಾಣದಲ್ಲಿ ಅದೂ "ಬಟನ್, ಬಟನ್" ಅಂತಷ್ಟೇ ಹೇಳಿ ಸುಮ್ಮನಾಗುತ್ತೆ.

ಕನ್ನಡದವರಿಗೆ ಚೆನ್ನಾಗಿ ಗೊತ್ತಿರೋ ಒಂದು ಕಷ್ಟವೂ ಇದೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಬರಹ ಒಯ್ಯುವ ಕತ್ತರಿಸು, ನಕಲಿಸು, ಅಂಟಿಸು ಎಂಬ ವಿಧಾನ ಜೆರಾಕ್ಸಿನಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ 1970ರ ದಶಕದ ನಡುವಿನಲ್ಲಿ ರೂಪಿಸಿದ್ದು. ನಕಲಿಸಿದಾಗ ಹೋಗೋದು ನಾವು ಕಂಡ ಆಕಾರ ಅಲ್ಲ, ಅದರ ಹಿಂದಿನ ಸಂಖ್ಯೆ. ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಆ ಸಂಖ್ಯೆಗಳು ಕನ್ನಡದವಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳವು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತೆ. ಹಾಗಾಗಿ ಹಳೇ ಸರ್ಕಾರಿ ಆದೇಶದ ಒಂದು ಸಾಲನ್ನು ಎತ್ತಿ ಬ್ರೌಸರಿನ ಕಿಟಕಿಗೆ ಅಂಟಿಸಿದರೆ ವೇಷ ಕಳಚಿ ಅರ್ಥವಿಲ್ಲದ ಗುರುತುಗಳು ಉದುರುತ್ತವೆ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಿಂದಲೇ ಜಾಗ ಇದೆ. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನೂ ತಂತು. ಆದರೂ ಹಳೇ ಫಾಂಟಿನ ಫೈಲುಗಳು ಇನ್ನೂ ಓಡಾಡ್ತಿವೆ. ಅವುಗಳಲ್ಲಿ 'ಅನುದಾನ' ಅಂತ ಹುಡುಕಿದರೆ ಒಂದೂ ಸಿಗಲ್ಲ. ನಿಮ್ಮ ಕಣ್ಣಿಗೆ ಹತ್ತು ಕಡೆ ಕಾಣ್ತಿರುತ್ತೆ. ಯುನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳು ಪುಕ್ಕಟೆ ಸಿಗ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು, ಅಂಕಿಗಳನ್ನು ಮೂಲದ ಕಿಟಕಿ ಪಕ್ಕದಲ್ಲಿಟ್ಟು ಒಮ್ಮೆ ತಾಳೆ ನೋಡಿ.

ಕೆಲಸ ಶುರುಮಾಡಲು ಹೊಸ ಲ್ಯಾಪ್‌ಟಾಪ್ ಬೇಕಾಗಿಲ್ಲ. ಮೂಲೆಗೆ ಬಿದ್ದ ಹಳೇ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿದರೂ ಸಾಕು, ಕಾಲೇಜಿನ ಲ್ಯಾಬೂ ಆದೀತು. ಎರಡೂ ದಾಖಲೆ ತೆರೆಯಿರಿ. ಒಂದು ಕಿಟಕಿಯ ಮೇಲಂಚಿನ ಪಟ್ಟಿಯನ್ನು ಮೌಸಲ್ಲಿ ಹಿಡಿದು ಪರದೆಯ ಎಡಗೋಡೆಗೆ ತಾಗುವವರೆಗೆ ಎಳೆದು ಬಿಡಿ, ಅದು ಸರಿಯಾಗಿ ಅರ್ಧ ಪರದೆಗೆ ಕೂರುತ್ತೆ. ಇನ್ನೊಂದನ್ನು ಬಲಕ್ಕೆ. ವಿಂಡೋಸ್ ಕೀ ಹಿಡಿದು ಎಡ ಬಲದ ಬಾಣ ಒತ್ತಿದರೂ ಅದೇ ಆಗುತ್ತೆ. ವಿಂಡೋಸಿನಲ್ಲಿ ಈ ಸೌಲಭ್ಯ 2009ರ 7ನೇ ಆವೃತ್ತಿಯಿಂದ ಇದೆ. ತಮಾಷೆ ಏನಂದರೆ 1985ರ ಮೊದಲ ವಿಂಡೋಸಿನಲ್ಲಿ ಕಿಟಕಿಗಳು ಒಂದರ ಮೇಲೊಂದು ಬರುತ್ತಲೇ ಇರಲಿಲ್ಲ, ಅಕ್ಕಪಕ್ಕ ಮಾತ್ರ ಕೂರ್ತಿದ್ದವು. ಅದನ್ನು ಆಗ ಕೊರತೆ ಅಂದರು. ಮೂರನೆಯದು ಬೇಕಾದಾಗ ಆಲ್ಟ್ ಹಿಡಿದು ಟ್ಯಾಬ್ ಒತ್ತಿ. ಬ್ರೌಸರಿನ ಟ್ಯಾಬುಗಳನ್ನೂ ಹಿಡಿದು ಹೊರಗೆಳೆದರೆ ಬೇರೆ ಕಿಟಕಿ ಆಗ್ತವೆ. ಇದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಇಪ್ಪತ್ತು ಟ್ಯಾಬ್ ಇಟ್ಟುಕೊಂಡು ಒಂದನ್ನೇ ನೋಡ್ತಾ ಇರ್ತಾರೆ, ಅದು ದೊಡ್ಡ ಫೋನ್ ಅಷ್ಟೇ.

ಮತದಾರರ ಪಟ್ಟಿಗೆ ಬಂದರೆ ಈ ಉಪಾಯ ಅರ್ಧಕ್ಕೇ ನಿಲ್ಲುತ್ತೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಮಹದೇವಪುರ ಕ್ಷೇತ್ರದ ಪಟ್ಟಿಯ ಬಗ್ಗೆ ರಾಹುಲ್ ಗಾಂಧಿ ಆರೋಪ ಮಾಡಿದರು, ಚುನಾವಣಾ ಆಯೋಗ ತಳ್ಳಿಹಾಕಿತು. ಯಾರ ಮಾತು ಸರಿ ಅಂತ ನೀವೇ ನೋಡಲು ಹೊರಟರೆ ಸಿಗೋದು ಪುಟಗಳ ಚಿತ್ರ. ಹುಡುಕಲು ಬರುವ ರೂಪದಲ್ಲಿ ಪಟ್ಟಿ ಕೊಡಿ ಎಂಬ ಬೇಡಿಕೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚಿತ್ರದ ಮೇಲೆ ಮೌಸ್ ಎಷ್ಟು ಎಳೆದರೂ ಒಂದು ಅಕ್ಷರವೂ ಕೈಗೆ ಬರಲ್ಲ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತೆ, ಚಿತ್ರದಿಂದ ಅಕ್ಷರ ಎತ್ತಿಕೊಡುತ್ತೆ, ಮಸುಕು ಪುಟದಲ್ಲಿ ತಪ್ಪನ್ನೂ ಮಾಡುತ್ತೆ. ಆಗ ಎಡಗಡೆ ಪುಟದ ಚಿತ್ರ, ಬಲಗಡೆ ಅದು ಎತ್ತಿಕೊಟ್ಟ ಅಕ್ಷರ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದಬೇಕು. ನಿಮ್ಮ ಬೂತಿನ ಪಟ್ಟಿಯಿಂದಲೇ ಶುರುಮಾಡಿ. ಹೆಸರುಗಳು ಪರಿಚಯದವಾಗಿದ್ದರೆ ತಪ್ಪು ಬೇಗ ಸಿಗುತ್ತೆ.